ಆಫರ್ ಲೆಟರ್ ಇತ್ತು, ಫಂಡಿಂಗ್ ಇರಲಿಲ್ಲ

ಸ್ವಂತ ಖರ್ಚಿನಲ್ಲಿ ಓದುತ್ತೇನೆ ಎನ್ನುವವರಿಗೆ ವಿದೇಶದ ಪಿಎಚ್‌ಡಿ ಸೀಟು ಸಿಗುವುದು ಅಷ್ಟೇನೂ ಕಷ್ಟವಲ್ಲ. ಇದು ನನಗೆ ಗೊತ್ತಾಗಿದ್ದು 2025ರಲ್ಲಿ, ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಿಂದ ಆಫರ್ ಬಂದ ಮೇಲೆ. ಒಂದೇ ಪ್ರೊಪೋಸಲ್, ಒಂದೇ ವಿಭಾಗ. ಸ್ಕಾಲರ್‌ಶಿಪ್ ಕೊಡುವವರು ಆಗುವುದಿಲ್ಲ ಎಂದರು, ಪ್ರವೇಶ ಕೊಡುವವರು ಬನ್ನಿ ಎಂದರು. ಎರಡೂ ಉತ್ತರ ಒಂದೇ ವಾರದಲ್ಲಿ ಬಂದವು. ನನ್ನ ಕಣ್ಣಿಗೆ ಬಿದ್ದದ್ದು ಎರಡನೆಯದು ಮಾತ್ರ.

ನಾನು ಹಲವು ವರ್ಷ ಸಾರಿಗೆ ಯೋಜನೆಯ ಕೆಲಸ ಮಾಡಿದವಳು. ವಯಸ್ಸಾದವರು ಊರಿನ ಬಸ್ಸು ಹತ್ತುವುದನ್ನು ಯಾವ ಹಂತದಲ್ಲಿ ಬಿಡುತ್ತಾರೆ, ಬಿಟ್ಟ ಮೇಲೆ ಅವರ ಓಡಾಟ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ನನ್ನ ವಿಷಯ. ಆಫೀಸಿನ ವರದಿಗಳಲ್ಲಿ ಇದಕ್ಕೆ ಎರಡು ಪ್ಯಾರಾಗಿಂತ ಹೆಚ್ಚು ಜಾಗ ಸಿಗುತ್ತಿರಲಿಲ್ಲ. ಕೈಯಲ್ಲಿ ಉಳಿತಾಯ ಇತ್ತು, ಸಾಲ ಇರಲಿಲ್ಲ, ವಿಷಯ ತಲೆಯಲ್ಲಿ ಕುಳಿತಿತ್ತು. ಹೋಗಿಬಿಡೋಣ ಅನ್ನಿಸಲು ಇಷ್ಟು ಸಾಕಲ್ಲವೇ?

ಮೊದಲು ಮಾಡಿದ ಲೆಕ್ಕ ಎಲ್ಲರೂ ಮಾಡುವಂಥದ್ದು. ಫೀಸು ಮೊದಲ ವರ್ಷಕ್ಕೆ 22,000 ಪೌಂಡ್. ಪ್ರತಿ ವರ್ಷ ಏರಬಹುದು ಎಂಬ ಸಾಲು ಕೆಳಗೆ ಸಣ್ಣಕ್ಷರದಲ್ಲಿತ್ತು. ಶೇಕಡ 5ರಂತೆ ಏರಿದರೆ ಮೂರು ವರ್ಷಕ್ಕೆ 69,000 ದಾಟುತ್ತದೆ. ಊಟ, ಬಾಡಿಗೆಗೆ ಎಷ್ಟು ಹಾಕಿಕೊಳ್ಳಬೇಕೆಂದು ತಿಳಿಯದೆ ವೀಸಾ ನಿಯಮದ ಅಂಕಿಯನ್ನೇ ತೆಗೆದುಕೊಂಡೆ. ಆಗ ಅದು ಲಂಡನ್ನಿನ ಹೊರಗೆ ತಿಂಗಳಿಗೆ 1,136 ಪೌಂಡ್, ಲಂಡನ್ನಿನಲ್ಲಿ 1,483. ನನ್ನ ವಿಶ್ವವಿದ್ಯಾಲಯ ಲಂಡನ್ನಿನ ಹೊರಗಿತ್ತು. ನಾಲ್ಕು ವರ್ಷಕ್ಕೆ 54,000 ಚಿಲ್ಲರೆ. ಅಲ್ಲಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆ ಬಳಸಲು ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡಿನಂತೆ ವೀಸಾದ ಪೂರ್ತಿ ಅವಧಿಗೆ ಮುಂಗಡವಾಗಿ ಕಟ್ಟಬೇಕು. ವೀಸಾ ಶುಲ್ಕ ಬೇರೆ. ಎಲ್ಲ ಸೇರಿ 1,28,000 ಪೌಂಡಿನ ಹತ್ತಿರ ಬಂತು. ಬಿಟ್ಟು ಹೋಗುವ ನಾಲ್ಕು ವರ್ಷದ ಸಂಬಳವನ್ನು ಇದರಲ್ಲಿ ಸೇರಿಸಿರಲಿಲ್ಲ. ಬೇಕೆಂದೇ ಸೇರಿಸಲಿಲ್ಲ ಅನ್ನಿ. ಸೇರಿಸಿದರೆ ಉತ್ತರ ಅಲ್ಲೇ ಸಿಕ್ಕಿಬಿಡುತ್ತಿತ್ತು.

ಮೂರು ವರ್ಷದ ಫೀಸಿಗೆ ನಾಲ್ಕು ವರ್ಷದ ಊಟ ಯಾಕೆ ಅಂದರೆ, ಬ್ರಿಟನ್ನಿನಲ್ಲಿ ಪೂರ್ಣಾವಧಿ ಪಿಎಚ್‌ಡಿಗೆ ಸಾಮಾನ್ಯವಾಗಿ ಮೂರು ವರ್ಷ ಪೂರ್ತಿ ಫೀಸು. ಆಮೇಲಿನ ಒಂದು ವರ್ಷ ಥೀಸಿಸ್ ಬರೆದು ಮುಗಿಸುವ ಕಾಲ, ಅದಕ್ಕೆ ಎಷ್ಟೋ ಕಡೆ ಕಡಿಮೆ ಶುಲ್ಕ. ಮೂರನೇ ವರ್ಷಕ್ಕೇ ಮುಗಿಸಿದವರು ಇದ್ದಾರೆ. ಆದರೆ ನನ್ನಂತೆ ನೂರಾರು ಜನರ ಸಂದರ್ಶನ ಮಾಡಬೇಕಾದವರು ಆ ಭರವಸೆಯ ಮೇಲೆ ಹಣ ಕಟ್ಟಬಾರದು.

ಈ ಲೆಕ್ಕದ ಹಾಳೆಯನ್ನು ಅಕ್ಕನಿಗೆ ಕಳಿಸಿದೆ. ಅವಳು ವೃತ್ತಿಯಿಂದ ಲೆಕ್ಕಪತ್ರದವಳು. ಡಿಗ್ರಿಯಿಂದ ಮುಂದೆ ಎಷ್ಟು ಸಂಬಳ ಹೆಚ್ಚಾಗುತ್ತದೆ, ಹಾಕಿದ ಹಣ ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಎಂದೆಲ್ಲ ನಾನು ಅದರಲ್ಲಿ ಕಷ್ಟಪಟ್ಟು ತುಂಬಿದ್ದೆ. ಅದನ್ನು ಅವಳು ನೋಡಲೇ ಇಲ್ಲ.

"ಲಾಭದ ಮಾತು ಆಮೇಲೆ ಆಡೋಣ," ಅಂದಳು. "ಮೂರನೇ ವರ್ಷ ಮುಗಿಯೋ ದಿನ ನಿನ್ನ ಕೈಯಲ್ಲಿ ಎಷ್ಟಿರತ್ತೆ, ಅದನ್ನ ಹೇಳು."

"ಹತ್ತಿರ ಹತ್ತಿರ ಖಾಲಿ ಆಗಿರತ್ತೆ ಅಕ್ಕ."

"ಬರೆಯೋಕೆ ಕೂರೋದು ಯಾವಾಗ?"

"ಅದರ ಮಾರನೇ ದಿನದಿಂದ."

ಅವಳು ಮುಂದೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಈ ವಿಷಯದಲ್ಲಿ ವೀಸಾ ನಿಯಮವೇ ನಮ್ಮ ದಾರಿ ತಪ್ಪಿಸುತ್ತದೆ. ಅರ್ಜಿ ಹಾಕುವಾಗ ಮೊದಲ ವರ್ಷದ ಫೀಸು ಮತ್ತು ಒಂಬತ್ತು ತಿಂಗಳ ಜೀವನ ವೆಚ್ಚ ಖಾತೆಯಲ್ಲಿ 28 ದಿನ ಅಲುಗಾಡದೆ ಕೂತಿರಬೇಕು. ನನ್ನ ಲೆಕ್ಕದಲ್ಲಿ ಅದು 32,224 ಪೌಂಡ್. ಅಷ್ಟು ತೋರಿಸಿದರೆ ಸರ್ಕಾರದ ದೃಷ್ಟಿಯಲ್ಲಿ ನನ್ನ ಹತ್ತಿರ ಹಣ ಇದೆ ಎಂದಾಯಿತು. ನನ್ನ ಹತ್ತಿರ ಅಷ್ಟು ಇತ್ತು, ಹಾಗಾಗಿ ನನಗೂ ಹಣ ಇದೆ ಅಂತಲೇ ಅನ್ನಿಸಿತು. ಆದರೆ ವೀಸಾ ಕೇಳುವುದು ಒಂದು ವರ್ಷದ ಮಾತು, ಪಿಎಚ್‌ಡಿಗೆ ಬೇಕಾಗುವುದು ನಾಲ್ಕು ವರ್ಷದ್ದು. ಸ್ವಂತ ಖರ್ಚಿನಲ್ಲಿ ಹೋದವರು ನಿಲ್ಲುವುದು ಶುರುವಿನಲ್ಲಲ್ಲ. ಎರಡನೇ ವರ್ಷದ ಕೊನೆಯಲ್ಲಿ, ಕೆಲಸ ಅರ್ಧಕ್ಕೆ ಬಂದಿರುವಾಗ, ಹಿಂದೆ ಹೋಗಲೂ ಆಗದ ಮುಂದೆ ಹೋಗಲೂ ಆಗದ ಜಾಗದಲ್ಲಿ.

ಉಳಿದ ವರ್ಷಗಳನ್ನು ತುಂಬಿಸಲು ನನ್ನಲ್ಲಿ ಒಂದು ಉಪಾಯ ಇತ್ತು. ಹಳೆಯ ಆಫೀಸು ಬಿಡಿ ಬಿಡಿಯಾಗಿ ಗುತ್ತಿಗೆ ಕೆಲಸ ಕೊಡಲು ಒಪ್ಪಿತ್ತು. ರಾತ್ರಿ ಕೂತು ಮಾಡಿ ಕಳಿಸಿದರೆ ಊಟದ ಖರ್ಚು ಹುಟ್ಟುತ್ತದೆ ಎಂದುಕೊಂಡಿದ್ದೆ. ವೀಸಾ ಷರತ್ತು ಓದಿದಾಗ ಅದು ಅಲ್ಲಿಗೇ ಮುಗಿಯಿತು. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ಗಿರಾಕಿ ಯಾವ ದೇಶದಲ್ಲಿದ್ದರೂ, ಬ್ರಿಟನ್ನಿನಲ್ಲಿ ಕೂತು ಫ್ರೀಲ್ಯಾನ್ಸ್ ಮಾಡಿದರೆ ಅದು ಸ್ವಂತ ಉದ್ಯೋಗವೇ. ಯಾರದಾದರೂ ಕೈಕೆಳಗೆ ಸಂಬಳಕ್ಕೆ ದುಡಿಯಬಹುದು, ವಾರಕ್ಕೆ 20 ಗಂಟೆಯವರೆಗೆ. ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯಲ್ಲಿ ಪೂರ್ಣಾವಧಿ ದುಡಿಮೆಗೆ ಅವಕಾಶ ಉಂಟು. ಪಿಎಚ್‌ಡಿಯವರಿಗೆ ಬೇಸಿಗೆ ರಜೆ ಎಂಬುದೇ ಇಲ್ಲ, ವರ್ಷ ಪೂರ್ತಿ ಓದಿನ ಕಾಲವೇ. ವಿಭಾಗದವರು ಒಪ್ಪಿ ಕೊಟ್ಟ ರಜೆಯ ದಿನಗಳು ಮಾತ್ರ ಇದಕ್ಕೆ ಹೊರತು. ವಿಭಾಗದಲ್ಲೇ ಪಾಠ ಮಾಡಿದರೂ ಆ ಗಂಟೆಗಳು ಅದೇ 20ರೊಳಗೆ ಬರುತ್ತವೆ.

ಒಂದು ಅಂಕಿ ಮಾತ್ರ ಬಹಳ ದಿನ ಕಾಡಿತು. ಬ್ರಿಟನ್ನಿನ ಸರ್ಕಾರಿ ಸಂಶೋಧನಾ ಮಂಡಳಿಗಳ ಒಕ್ಕೂಟವಾದ ಯುಕೆಆರ್‌ಐ 2025-26ಕ್ಕೆ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್. ಅದಕ್ಕೆ ತೆರಿಗೆ ಇಲ್ಲ, ಫೀಸನ್ನೂ ಅವರೇ ಕಟ್ಟುತ್ತಾರೆ. ಅಂದರೆ ಪಕ್ಕದ ಮೇಜಿನವನಿಗೆ ವರ್ಷಕ್ಕೆ ಇಪ್ಪತ್ತು ಸಾವಿರ ಬರುತ್ತದೆ, ನನ್ನಿಂದ ಇಪ್ಪತ್ತೆರಡು ಸಾವಿರ ಹೋಗುತ್ತದೆ. ಅದೇ ಲೈಬ್ರರಿ, ಅದೇ ಗೈಡ್, ಕೊನೆಗೆ ಕೈಗೆ ಬರುವುದೂ ಅದೇ ಪದವಿ. ಹೊಟ್ಟೆಕಿಚ್ಚು ಎಂದರೆ ಹೌದು, ಹೊಟ್ಟೆಕಿಚ್ಚೇ. ಆದರೆ ಅದರಿಂದ ಒಂದು ಉಪಯೋಗವಾಯಿತು. ಪಕ್ಕದ ಮೇಜಿನವನಿಗೆ ಯಾಕೆ ಕೊಟ್ಟರು, ನನಗೆ ಯಾಕೆ ಕೊಡಲಿಲ್ಲ ಎಂದು ವಿಚಾರಿಸಲು ಹೊರಟೆ.

ಅರ್ಧ ಉತ್ತರ ವ್ಯವಸ್ಥೆಯಲ್ಲೇ ಇತ್ತು. ಯುಕೆಆರ್‌ಐ ಹಣ ಮೊದಲು ವಿದೇಶಿಯರಿಗೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. 2021ರಿಂದ ತೆರೆದಿದ್ದಾರೆ, ಆದರೆ ಒಂದು ಅನುದಾನದ ಸೀಟುಗಳಲ್ಲಿ ವಿದೇಶಿಯರ ಪಾಲು ಶೇಕಡ 30ರ ಮಿತಿಯೊಳಗೆ. ಫೀಸಿನಲ್ಲೂ ಅವರು ಕೊಡುವುದು ಸ್ಥಳೀಯ ವಿದ್ಯಾರ್ಥಿಯ ಮಟ್ಟಕ್ಕೆ, ಸುಮಾರು 5,000 ಪೌಂಡ್. ವಿದೇಶಿ ಫೀಸಿಗೂ ಅದಕ್ಕೂ ಇರುವ ಅಂತರವನ್ನು ವಿಶ್ವವಿದ್ಯಾಲಯ ನುಂಗಿಕೊಳ್ಳಬೇಕು. ಹೀಗಿರುವಾಗ ಅವರು ಎಣಿಸಿ ಎಣಿಸಿ ಕೊಡುವುದರಲ್ಲಿ ಆಶ್ಚರ್ಯವಿಲ್ಲ. ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ ಇನ್ನೊಂದು ದಾರಿ ಉಂಟು. ಪ್ರಾಧ್ಯಾಪಕರು ತಂದ ಪ್ರಾಜೆಕ್ಟಿನಲ್ಲಿ ಕೆಲಸ ಮಾಡುವ ಕೈ ಬೇಕು, ಆ ಹಣದಲ್ಲೇ ವಿದ್ಯಾರ್ಥಿ ಬರುತ್ತಾನೆ. ಸಮಾಜ ವಿಜ್ಞಾನದಲ್ಲಿ, ಮಾನವಿಕದಲ್ಲಿ ಅಂಥ ಪ್ರಾಜೆಕ್ಟು ಕಡಿಮೆ. ಸ್ವಂತ ಖರ್ಚಿನ ಆಫರ್ ಹೆಚ್ಚಾಗಿ ಈ ವಿಷಯದವರ ಕೈಗೇ ಬರುವುದಕ್ಕೆ ಇದೂ ಒಂದು ಕಾರಣ.

ಉಳಿದರ್ಧ ಉತ್ತರಕ್ಕೆ ಗೈಡ್ ಆಗಬೇಕಿದ್ದವರನ್ನೇ ಕೇಳಿದೆ. ವಿಡಿಯೋ ಕರೆಗೆ ಒಪ್ಪಿದರು. ಸುತ್ತಿ ಬಳಸಿ ಮಾತಾಡಿ, ಕೊನೆಗೆ ಗಟ್ಟಿ ಮನಸ್ಸು ಮಾಡಿ ಕೇಳಿದೆ: ನಿಮ್ಮ ಕೈಯಲ್ಲಿ ಹಣ ಇದ್ದಿದ್ದರೆ ಈ ಪ್ರೊಪೋಸಲ್‌ಗೆ ಕೊಡುತ್ತಿದ್ದಿರಾ? ಸ್ವಲ್ಪ ಹೊತ್ತು ಯೋಚಿಸಿದರು. ವಿಷಯ ಒಳ್ಳೆಯದು, ಆದರೆ ಬಸ್ಸು ಬಿಟ್ಟವರನ್ನು ನೀವು ಹುಡುಕುವುದು ಹೇಗೆ ಎಂಬುದು ಸಮಿತಿಯ ಯಾರಿಗೂ ಅರ್ಥವಾಗಲಿಲ್ಲ ಎಂದರು. ಬಸ್ಸಿನಲ್ಲಿ ನಿಂತು ಸಮೀಕ್ಷೆ ಮಾಡಿದರೆ ಸಿಗುವುದು ಬಸ್ಸು ಬಿಡದವರು ಮಾತ್ರ ತಾನೆ? ಇಂಥ ಮೂಲಭೂತ ತೊಡಕು ಇಟ್ಟುಕೊಂಡೇ ನನಗೆ ಪ್ರವೇಶ ಸಿಕ್ಕಿತ್ತು. ಮೊದಲ ವರ್ಷದಲ್ಲಿ ಸರಿಮಾಡಿಕೊಳ್ಳಬಹುದು ಎಂದು ಅವರು ಸಮಾಧಾನ ಹೇಳಿದರು. ಸರಿಮಾಡಿಕೊಳ್ಳಬಹುದಿತ್ತು, ನಿಜ. 22,000 ಪೌಂಡ್ ಕೊಟ್ಟು. ಆಗದೇ ಹೋದರೆ? ಬ್ರಿಟನ್ನಿನಲ್ಲಿ ಮೊದಲ ವರ್ಷದ ಸುಮಾರಿಗೆ ಒಂದು ಪರಿಶೀಲನೆ ಇರುತ್ತದೆ. ಅದು ದಾಟಿದರೆ ಪಿಎಚ್‌ಡಿ ಮುಂದುವರಿಯುತ್ತದೆ, ದಾಟದಿದ್ದರೆ ಎಂಫಿಲ್ ಎಂಬ ಕೆಳಗಿನ ಪದವಿ ಹಿಡಿದು ವಾಪಸ್. ಕಟ್ಟಿದ ಫೀಸು ವಾಪಸ್ ಬರುವುದಿಲ್ಲ.

ನನ್ನ ಅಭಿಪ್ರಾಯ ಬದಲಾಗಿದ್ದು ಇಲ್ಲಿ. ಅಲ್ಲಿಯವರೆಗೆ ಫಂಡಿಂಗ್ ಅಂದರೆ ಊಟ ಬಾಡಿಗೆಯ ಮಾತು, ನನ್ನ ಹತ್ತಿರ ಇದ್ದರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಯಾರಾದರೂ ಒಂದು ಸಂಶೋಧನೆಗೆ ಹಣ ಕೊಡುವ ಮುನ್ನ ಅದನ್ನು ಹಿಂಜಿ ಹಿಂಜಿ ನೋಡುತ್ತಾರೆ, ಹತ್ತು ಪ್ರಶ್ನೆ ಕೇಳುತ್ತಾರೆ. ಸ್ವಂತ ಹಣ ತರುವವರಿಗೆ ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ಪ್ರಶ್ನೆ ಬರುವುದು ತಡವಾಗಿ, ಕೆಲವೊಮ್ಮೆ ವೈವಾದಲ್ಲಿ. ಎಲ್ಲ ಸ್ಕಾಲರ್‌ಶಿಪ್ ನಿರಾಕರಣೆಯಲ್ಲೂ ಇಂಥ ಸಂದೇಶ ಇರುತ್ತದೆ ಅಂತ ಹೇಳುತ್ತಿಲ್ಲ. ಒಳ್ಳೆಯ ಪ್ರೊಪೋಸಲ್‌ಗಳೂ ಸೀಟು ಸಾಲದೆ ಬಿದ್ದುಹೋಗುತ್ತವೆ. ಯಾವ ಬಗೆಯ ನಿರಾಕರಣೆ ಎಂಬುದನ್ನು ಹಣ ಕಟ್ಟುವ ಮೊದಲು ಕೇಳಿ ತಿಳಿದುಕೊಳ್ಳಬೇಕು. ಕೇಳಿದರೆ ಹೇಳುತ್ತಾರೆ, ಕೇಳುವವರು ಕಡಿಮೆ.

ಅದೇ ವಿಭಾಗದಲ್ಲಿ ಸ್ವಂತ ಖರ್ಚಿನಲ್ಲಿ ಮೂರನೇ ವರ್ಷದಲ್ಲಿದ್ದ ಒಬ್ಬರ ಪರಿಚಯವನ್ನೂ ಗೈಡ್ ಮಾಡಿಸಿಕೊಟ್ಟರು. ಅವರೊಂದಿಗೆ ಮಾತಾಡಿದ್ದು ಹೆಚ್ಚು ಉಪಯೋಗಕ್ಕೆ ಬಂತು. ಅವರು ನನ್ನನ್ನು ಹೆದರಿಸಲಿಲ್ಲ. ನನ್ನ ವಿಷಯವನ್ನು ನನಗೆ ಬೇಕಾದ ಕಡೆಗೆ ತಿರುಗಿಸಿಕೊಂಡೆ, ಯಾರಿಗೂ ವರದಿ ಒಪ್ಪಿಸಬೇಕಿರಲಿಲ್ಲ, ಆ ಸ್ವಾತಂತ್ರ್ಯ ನಿಜಕ್ಕೂ ದೊಡ್ಡದು ಎಂದರು. ಆಮೇಲೆ ಮಾತು ಸಣ್ಣ ಸಣ್ಣ ವಿಷಯಕ್ಕೆ ಇಳಿಯಿತು. ಸಮ್ಮೇಳನಕ್ಕೆ ಹೋಗಲು, ಕ್ಷೇತ್ರಕಾರ್ಯಕ್ಕೆ, ಸಂದರ್ಶನ ಬರೆದುಕೊಡುವವರಿಗೆ ಕೊಡಲು ಸ್ಕಾಲರ್‌ಶಿಪ್‌ನವರಿಗೆ ಪ್ರತ್ಯೇಕ ಹಣ ಇರುತ್ತದೆ, ಇವರಿಗೆ ಇಲ್ಲ. ಶುಕ್ರವಾರದ ಸೆಮಿನಾರ್ ಹೊತ್ತಿಗೆ ಅವರಿಗೆ ಅಂಗಡಿಯಲ್ಲಿ ಪಾಳಿ.

"ಹಣದ ಚಿಂತೆಗಿಂತ ಆ ಸೆಮಿನಾರ್ ತಪ್ಪಿದ್ದೇ ನನಗೆ ನಷ್ಟ ಮೇಡಂ," ಅಂದರು. "ಎಲ್ಲರ ಪರಿಚಯ ಆಗೋದು ಅಲ್ಲೇ."

ಹಣ ಕೊಟ್ಟು ಕೊಂಡುಕೊಂಡ ವಿಶ್ವವಿದ್ಯಾಲಯವನ್ನು, ಆ ಹಣ ಹೊಂದಿಸುವ ಗಡಿಬಿಡಿಯಲ್ಲಿ ಬಳಸಲು ಆಗದೇ ಹೋಗುವುದು ನನಗೆ ಹೊಳೆದೇ ಇರಲಿಲ್ಲ.

ಮೊದಲು ಹೋಗಿ ಸೇರೋಣ, ಆಮೇಲೆ ಫಂಡಿಂಗ್ ಹುಡುಕೋಣ ಎಂಬ ಸಲಹೆ ಕೊಟ್ಟವರೂ ಇದ್ದರು. ಅಪಾಯದ ಸಲಹೆ. ಬಹಳಷ್ಟು ಸ್ಕಾಲರ್‌ಶಿಪ್‌ಗಳು ಹೊಸದಾಗಿ ಸೇರುವವರಿಗೆ ಮಾತ್ರ, ಈಗಾಗಲೇ ನೋಂದಾಯಿಸಿದವರು ಅರ್ಜಿ ಹಾಕುವಂತಿಲ್ಲ. ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಮೇರಿ ಕ್ಯೂರಿ ಡಾಕ್ಟರಲ್ ಜಾಲದ ಹುದ್ದೆಗಳಿಗಂತೂ ಇನ್ನೊಂದು ಷರತ್ತು: ಸೇರುವ ಮುಂಚಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸ ಮಾಡಿರಬಾರದು. ಮೊದಲು ಹೋಗಿ ಕೂತವರಿಗೆ ಅದೇ ದೇಶದ ಬಾಗಿಲು ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಆಗುವಾಗ ಇನ್ನೊಂದು ವಿಷಯ ಸ್ಪಷ್ಟವಾಯಿತು. 'ವಿದೇಶದಲ್ಲಿ ಸ್ವಂತ ಖರ್ಚು' ಎಂದು ಒಟ್ಟಾಗಿ ಹೇಳುವುದರಲ್ಲಿ ಅರ್ಥವೇ ಇಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿಗೆ ಬೋಧನಾ ಶುಲ್ಕ ಇಲ್ಲ, ಆರು ತಿಂಗಳಿಗೊಮ್ಮೆ ಕೆಲವು ನೂರು ಯೂರೋಗಳ ಸೆಮಿಸ್ಟರ್ ವಂತಿಗೆ ಅಷ್ಟೆ. ಸಂಬಳವಿಲ್ಲದೆ ಹೋಗುವವರು ವೀಸಾಕ್ಕೆ ವರ್ಷಕ್ಕೆ 11,904 ಯೂರೋವನ್ನು ತಡೆಹಿಡಿದ ಖಾತೆಯಲ್ಲಿ ಇಟ್ಟು ತೋರಿಸಬೇಕು. ಅದು ಅವರದೇ ಹಣ, ತಿಂಗಳು ತಿಂಗಳು ಅವರ ಕೈಗೇ ಬರುತ್ತದೆ. ಫ್ರಾನ್ಸಿನಲ್ಲಿ ಡಾಕ್ಟರೇಟ್ ನೋಂದಣಿ ವರ್ಷಕ್ಕೆ 400 ಯೂರೋ ಆಸುಪಾಸು. ನ್ಯೂಜಿಲೆಂಡಿನಲ್ಲಿ ವಿದೇಶಿ ಪಿಎಚ್‌ಡಿ ವಿದ್ಯಾರ್ಥಿಗಳಿಗೂ ಸ್ಥಳೀಯರಷ್ಟೇ ಫೀಸು. ಇಲ್ಲೆಲ್ಲ ಸ್ವಂತ ಖರ್ಚು ಅಂದರೆ ಬದುಕುವ ಖರ್ಚು. ಬ್ರಿಟನ್ನಿನಲ್ಲಿ ಅದರ ಮೇಲೆ ಅದಕ್ಕಿಂತ ದೊಡ್ಡ ಫೀಸು. ಅಮೆರಿಕದ ಪಿಎಚ್‌ಡಿಯಲ್ಲಿ ಪಾಠ ಅಥವಾ ಸಂಶೋಧನಾ ಸಹಾಯಕ್ಕೆ ಬದಲಾಗಿ ಫೀಸು ಮನ್ನಾ, ಮೇಲೆ ಸ್ಟೈಪೆಂಡ್ ಕೊಡುವುದು ವಾಡಿಕೆ. ಅಲ್ಲಿ ಹಣವಿಲ್ಲದ ಆಫರ್ ಬಂದರೆ ನಯವಾಗಿ ಬೇಡ ಅಂದಂತೆ ಎಂದು ಅಲ್ಲಿ ಓದಿದ ಸಹೋದ್ಯೋಗಿಯೊಬ್ಬರು ಹೇಳಿದರು. ನೆದರ್‌ಲ್ಯಾಂಡ್ಸ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಪಿಎಚ್‌ಡಿಯವರು ಹೆಚ್ಚಾಗಿ ವಿಶ್ವವಿದ್ಯಾಲಯದ ನೌಕರರೇ, ಸಂಬಳ ರಜೆ ಎಲ್ಲ ಉಂಟು.

ಆಮೇಲೆ ಪದವಿ ಸಿಕ್ಕಿ ಏನಾಗುತ್ತದೆ ಎಂಬ ಪ್ರಶ್ನೆ. ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಲಂಡನ್ನಿನ ರಾಯಲ್ ಸೊಸೈಟಿ 2010ರಲ್ಲಿ ಬ್ರಿಟನ್ನಿನ ವಿಜ್ಞಾನ ಪಿಎಚ್‌ಡಿಗಳ ಬಗ್ಗೆ ಕೊಟ್ಟ ಲೆಕ್ಕದಲ್ಲಿ ವಿಶ್ವವಿದ್ಯಾಲಯದ ಖಾಯಂ ಸಂಶೋಧನಾ ಹುದ್ದೆಗೆ ತಲುಪುವವರು ಶೇಕಡ 3.5, ಪ್ರಾಧ್ಯಾಪಕರಾಗುವವರು ಶೇಕಡ 0.45. ನನಗೆ ಪ್ರಾಧ್ಯಾಪಕಿಯಾಗುವ ಆಸೆ ಇರಲಿಲ್ಲ. ನನ್ನ ಕ್ಷೇತ್ರದಲ್ಲಿ ಪಿಎಚ್‌ಡಿಯಿಂದ ಸಂಬಳ ದೊಡ್ಡದಾಗಿ ಏರುವುದೂ ಇಲ್ಲ. ಹಾಗಾಗಿ ಹಣ ಹಾಕಿ ಹಣ ತೆಗೆಯುವ ಲೆಕ್ಕ ಎಂದೂ ಕೂಡುತ್ತಿರಲಿಲ್ಲ. ಓದುವ ಆಸೆಗೆ ಎಷ್ಟು ಕೊಡಬಲ್ಲೆ ಎಂಬುದೊಂದೇ ಉಳಿದಿತ್ತು. ಅದಕ್ಕೆ ಉಳಿತಾಯವನ್ನೆಲ್ಲ ಸುರಿಯಲೂ ಸಿದ್ಧಳಿದ್ದೆ. ಸಾಲಕ್ಕೆ ಸಿದ್ಧಳಿರಲಿಲ್ಲ, ಅದರಲ್ಲೂ ಸಂಪಾದನೆ ಒಂದು ನಾಣ್ಯದಲ್ಲಿ, ಫೀಸು ಇನ್ನೊಂದು ನಾಣ್ಯದಲ್ಲಿ ಇರುವಾಗ. ವಿನಿಮಯ ದರ ಸ್ವಲ್ಪ ಜಾರಿದರೂ ಫೀಸು ಏರಿದಂತೆಯೇ.

ಮುಂಗಡ ಠೇವಣಿ ಕಟ್ಟುವ ದಿನ ಹತ್ತಿರ ಬಂತು. ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಬಹುದೇ ಎಂದು ಕೇಳಿದೆ. ಒಪ್ಪಿದರು, ಆದರೆ ಫೀಸು ಹೊಸ ವರ್ಷದ್ದೇ ಅನ್ವಯ, ಗೈಡ್ ಆಗ ಲಭ್ಯವಿರುತ್ತಾರೆಂಬ ಖಾತ್ರಿ ಇಲ್ಲ ಎಂದರು. ನನಗೆ ಅದು ಸಾಕಿತ್ತು.

ಆಮೇಲೆ ಮಾಡಿದ ಕೆಲಸ ನೀರಸ. ಪ್ರೊಪೋಸಲ್ ಬಿಚ್ಚಿ ಮತ್ತೆ ಕಟ್ಟಿದೆ. ಬಸ್ಸು ಬಿಟ್ಟವರನ್ನು ಹುಡುಕಲು ಬಸ್ಸಿನಿಂದ ಶುರುಮಾಡುವುದು ಬಿಟ್ಟು, ಕ್ಲಿನಿಕ್ಕು, ಪಿಂಚಣಿ ಕಚೇರಿ, ಹಿರಿಯರ ಸಂಘಗಳಿಂದ ಶುರುಮಾಡುವ ಹಾಗೆ ಬದಲಾಯಿಸಿದೆ. ಸಮಿತಿಯವರ ಪ್ರಶ್ನೆಗೆ ಉತ್ತರ ಬರೆದೆ ಅಷ್ಟೆ, ಅದಕ್ಕೇ ತಿಂಗಳುಗಳು ಹಿಡಿದವು. ಜಾಹೀರಾತಾದ ಹುದ್ದೆಗಳಿಗೆ ಅರ್ಜಿ ಹಾಕುತ್ತಾ ಹೋದೆ. ಕೆಲವರು ಉತ್ತರವೇ ಕೊಡಲಿಲ್ಲ. ಒಂದು ಡಚ್ ವಿಶ್ವವಿದ್ಯಾಲಯ ಸಂದರ್ಶನದವರೆಗೆ ಕರೆದು ಇನ್ನೊಬ್ಬರನ್ನು ಆರಿಸಿಕೊಂಡಿತು. ಜರ್ಮನಿಯ ಒಂದು ಸಂಶೋಧನಾ ತಂಡದಲ್ಲಿ ಕೆಲಸ ಸಿಕ್ಕಿತು. ಹಣ ತೆತ್ತು ಸೇರಬೇಕಿದ್ದ ಸೀಟನ್ನು ಅಂದೇ ಬಿಟ್ಟುಕೊಟ್ಟೆ.

ಸಿಕ್ಕಿದ್ದು ಶೇಕಡ 65ರ ಹುದ್ದೆ. ಅಂದರೆ ಸಂಬಳ 65ಕ್ಕೆ, ಕೆಲಸ 100ಕ್ಕೆ. ಉಳಿದ 35ರಲ್ಲಿ ಥೀಸಿಸ್ ಬರೆದುಕೊಳ್ಳಿ ಎಂಬುದು ಅಲ್ಲಿನ ಪದ್ಧತಿ. ಆರೋಗ್ಯ ವಿಮೆ, ಪಿಂಚಣಿ ಕಡಿತ ಆಗಿ ಕೈಗೆ ಬರುವುದರಲ್ಲಿ ಒಬ್ಬರ ಜೀವನ ನಡೆಯುತ್ತದೆ, ಮೆರೆಯಲು ಆಗುವುದಿಲ್ಲ. ಇದಕ್ಕೂ ಬೆಲೆ ತೆತ್ತಿದ್ದೇನೆ, ವಿಷಯದ ರೂಪದಲ್ಲಿ. ತಂಡದ ಪ್ರಾಜೆಕ್ಟು ಬಿಸಿಲ ಝಳದಲ್ಲಿ ನಗರದ ಸಾರಿಗೆ ಹೇಗೆ ನಡೆಯುತ್ತದೆ ಎಂಬುದು. ನನ್ನ ವಯಸ್ಸಾದ ಪ್ರಯಾಣಿಕರು ಅದರೊಳಗೆ ಒಂದು ಅಧ್ಯಾಯವಾಗಿ ಕೂತಿದ್ದಾರೆ, ಜಾಗ ಹಿಗ್ಗಿಸಲು ಹೊಂಚು ಹಾಕುತ್ತಿದ್ದೇನೆ. ಆ ಮೂರನೇ ವರ್ಷದವರು ಹೇಳಿದ ಸ್ವಾತಂತ್ರ್ಯ ನನಗಿಲ್ಲ. ಕೆಲವು ಸಂಜೆ ಅದು ಚುಚ್ಚುತ್ತದೆ.

ನಮ್ಮ ತಂಡದಲ್ಲೇ ನೌಕರಿಯಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರು ಸ್ವಂತ ಖರ್ಚಿನಲ್ಲಿ, ವಿಶ್ವವಿದ್ಯಾಲಯದ ನೌಕರಿಯಿಲ್ಲದ ಹೊರಗಿನ ಅಭ್ಯರ್ಥಿಯಾಗಿ ಪಿಎಚ್‌ಡಿ ಮಾಡುತ್ತಿದ್ದಾರೆ. ಫೀಸು ಇಲ್ಲ, ಪಿಂಚಣಿ ಬರುತ್ತದೆ, ಮುಗಿಸುವ ಅವಸರ ಇಲ್ಲ, ಮುಂದೆ ಕೆಲಸ ಹುಡುಕುವ ಪ್ರಶ್ನೆಯೂ ಇಲ್ಲ. ಅವರಿಗೆ ಸ್ವಂತ ಖರ್ಚು ಸರಿಯಾದ ಆಯ್ಕೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಂಪನಿಯೇ ಫೀಸು ಕಟ್ಟಿ, ಹುದ್ದೆ ಉಳಿಸಿಕೊಟ್ಟು ಕಳಿಸುವವರಿಗೂ ಅಷ್ಟೇ. ನನಗೆ ಇವೆರಡೂ ಇರಲಿಲ್ಲ.

ನನ್ನ ಗುತ್ತಿಗೆ ಮೂರು ವರ್ಷದ್ದು. ತಂಡದಲ್ಲಿ ಯಾರೂ ಮೂರಕ್ಕೆ ಮುಗಿಸಿದ್ದನ್ನು ನಾನು ನೋಡಿಲ್ಲ. ಪಿಎಚ್‌ಡಿಗೆ ಮುಂಚೆ ಒಟ್ಟು ಆರು ವರ್ಷದವರೆಗೆ ನಿಗದಿತ ಅವಧಿಯ ಉದ್ಯೋಗ ಒಪ್ಪಂದ ಮಾಡಿಕೊಳ್ಳಲು ಜರ್ಮನಿಯ ಕಾನೂನಿನಲ್ಲಿ ಅವಕಾಶ ಇದೆ, ಆದರೆ ವಿಸ್ತರಣೆಗೆ ಹಣ ಇದ್ದರೆ ತಾನೆ? ಸೇರುವ ಮೊದಲೇ ಇದನ್ನು ಕೇಳಿದ್ದೆ. ಮುಂದಿನ ಅನುದಾನ ಬಂದರೆ ಉಂಟು, ಬಾರದಿದ್ದರೆ ಇಲ್ಲ ಎಂದು ನೇರವಾಗಿ ಹೇಳಿದರು. ಅಕ್ಕನಿಗೆ ಹೇಳಿದೆ. ಎಷ್ಟು ತಿಂಗಳಿನ ಊಟ ಬಾಡಿಗೆ ಎತ್ತಿಟ್ಟಿದ್ದೀಯಾ ಎಂದು ಕೇಳಿದಳು. ಒಂದು ವರ್ಷದ್ದು ಎಂದೆ. ಹಾಗಾದರೆ ಸರಿ, ಹೋಗು ಎಂದಳು.